ನಾಯಿಗೆ ಟ್ರೈನರ್ ಕರೆಸುತ್ತಿದ್ದೀರಾ? ಕಮಾಂಡ್ ಎಣಿಸಬೇಡಿ

ನಮ್ಮ ಮನೆಯ ನಾಯಿಯ ಹೆಸರು ಬೆಲ್ಲ. ಕಂದು ಬಣ್ಣದ ಬೀದಿ ನಾಯಿ, ಮೂರು ತಿಂಗಳ ಮರಿಯಾಗಿದ್ದಾಗ ಮನೆಗೆ ಬಂದವಳು. ಅವಳಿಗೆ ಎಂಟು ತಿಂಗಳಾದಾಗ ಮೊದಲ ಸಲ ಟ್ರೈನರ್ ಕರೆಸಿದೆವು. ಒಂದು ತಿಂಗಳ ಪ್ಯಾಕೇಜ್, ಹನ್ನೆರಡು ಕಮಾಂಡ್ ಗ್ಯಾರಂಟಿ. ತಿಂಗಳು ಮುಗಿಯುವಷ್ಟರಲ್ಲಿ ಬೆಲ್ಲ ಹನ್ನೆರಡನ್ನೂ ಕಲಿತಿದ್ದಳು. ಶೇಕ್‌ಹ್ಯಾಂಡ್ ಕೊಡುತ್ತಿದ್ದಳು, ಉರುಳುತ್ತಿದ್ದಳು, ಸಲ್ಯೂಟ್ ಕೂಡ ಹೊಡೆಯುತ್ತಿದ್ದಳು. ಆದರೆ ಕಾಲಿಂಗ್ ಬೆಲ್ ಆದರೆ ಮೊದಲಿನ ಹಾಗೇ ಬಂದವರ ಎದೆ ಮೇಲೆ ಹಾರುತ್ತಿದ್ದಳು. ವಾಕಿಂಗ್‌ಗೆ ಹೋದರೆ ನನ್ನ ತೋಳು ಕಿತ್ತು ಬರುವ ಹಾಗೆ ಎಳೆಯುತ್ತಿದ್ದಳು. ಸಲ್ಯೂಟ್ ಹೊಡೆಯುವ ನಾಯಿ ಇಟ್ಟುಕೊಂಡು ನಾವೇನು ಮಾಡೋಣ?

ಟ್ರೈನರ್ ಮೋಸ ಮಾಡಿರಲಿಲ್ಲ. ಹೇಳಿದ್ದನ್ನು ಕಲಿಸಿ ಹೋಗಿದ್ದರು. ನಮಗೆ ಬೇಕಾದದ್ದು ಏನು ಅಂತ ನಾವೇ ಹೇಳಿರಲಿಲ್ಲ. ಎರಡನೇ ಸಲ ಬೇರೆ ಟ್ರೈನರ್ ಹುಡುಕುವಾಗ ಸ್ವಲ್ಪ ತಿಳಿದುಕೊಂಡೆವು. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಚೀಟಿ ಬರೆಯಿರಿ

ಯಾರಿಗೂ ಫೋನ್ ಮಾಡುವ ಮುಂಚೆ ಒಂದು ವಾರ ಸುಮ್ನೆ ಗಮನಿಸಿ. ನಾಯಿಯಿಂದ ಮನೆಯಲ್ಲಿ ಯಾರಿಗೆ, ಯಾವ ಹೊತ್ತಿನಲ್ಲಿ, ಏನು ತೊಂದರೆ ಆಗುತ್ತಿದೆ ಅಂತ ಬರೆದಿಡಿ. ‘ಮಾತೇ ಕೇಳಲ್ಲ’ ಅಂತ ಬರೆದರೆ ಸಾಲದು. ನಮ್ಮ ಚೀಟಿಯಲ್ಲಿ ಮೂರು ಇದ್ದವು: ಬೆಲ್ ಆದಾಗ ಜನರ ಮೇಲೆ ಹಾರುವುದು, ಗೇಟು ದಾಟಿದ ತಕ್ಷಣ ಬೀದಿ ನಾಯಿಗಳ ಕಡೆ ಎಳೆಯುವುದು, ತಿಂಡಿಯ ಹೊತ್ತಿಗೆ ಅಮ್ಮನ ಪಕ್ಕ ನಿಂತು ಬೊಗಳುವುದು.

ಮೂರಕ್ಕಿಂತ ಜಾಸ್ತಿ ಬೇಡ. ಮೂರು ಸರಿಹೋದರೆ ಕೊಟ್ಟ ದುಡ್ಡು ವಸೂಲಾದ ಹಾಗೆ.

ಆಮೇಲೆ ಡಾಕ್ಟರ್ ಹತ್ತಿರ ಹೋಗಿ

ಇದನ್ನು ತುಂಬಾ ಜನ ಬಿಟ್ಟೇಬಿಡುತ್ತಾರೆ. ಇಷ್ಟು ದಿನ ಹೊರಗೆ ಉಚ್ಚೆ ಮಾಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಹಾಲ್‌ನಲ್ಲಿ ಮಾಡಲು ಶುರು ಮಾಡಿದರೆ ಅದು ಹಟ ಅಲ್ಲದಿರಬಹುದು. ಮೂತ್ರದ ಸೋಂಕು ಇರಬಹುದು. ತಲೆ ಮುಟ್ಟಿದರೆ ಗುರ್ ಅನ್ನುವ ನಾಯಿಗೆ ಕಿವಿಯಲ್ಲಿ ಸೋಂಕಿರಬಹುದು. ಸೊಂಟದ ನೋವಿರುವ ನಾಯಿ ಮಕ್ಕಳು ಹತ್ತಿರ ಬಂದರೆ ಸಿಡುಕುತ್ತದೆ. ಇಂಥದ್ದಕ್ಕೆ ಟ್ರೈನಿಂಗ್ ಕೊಡಿಸುವುದು ಜ್ವರ ಬಂದ ಮಗುವಿಗೆ ಟ್ಯೂಷನ್ ಹಾಕಿದ ಹಾಗೆ. ರೇಬೀಸ್ ಲಸಿಕೆಯ ಕಾರ್ಡ್ ಕೂಡ ಕೈಯಲ್ಲಿರಲಿ. ಬರುವ ಟ್ರೈನರ್ ಅದನ್ನು ಕೇಳದಿದ್ದರೆ ನನಗಂತೂ ಅನುಮಾನ ಬರುತ್ತದೆ.

ಮರಿ ತಂದವರಿಗೆ ಒಂದು ಮಾತು. ‘ಆರು ತಿಂಗಳಾಗಲಿ, ಆಮೇಲೆ ಟ್ರೈನಿಂಗ್’ ಅನ್ನುವ ಸಲಹೆಯನ್ನು ನಂಬಿ ಕೂರಬೇಡಿ. ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ. ಆಗ ನೋಡದ ವಸ್ತು ಆಮೇಲೆ ಭೂತದ ಹಾಗೆ ಕಾಣುತ್ತದೆ. ತೊಂದರೆ ಏನೆಂದರೆ ಆ ಹೊತ್ತಿಗೆ ಲಸಿಕೆ ಪೂರ್ತಿ ಆಗಿರುವುದಿಲ್ಲ, ಪಾರ್ವೋ ಎಂಬ ಮಾರಕ ವೈರಸ್ ರೋಗದ ಭಯ ಇದ್ದೇ ಇರುತ್ತದೆ. ಹಾಗಾಗಿ ಬೀದಿಯ ನೆಲಕ್ಕೆ ಇಳಿಸಬೇಡಿ, ಎತ್ತಿಕೊಂಡು ಹೋಗಿ ತೋರಿಸಿ. ಆಟೋ, ಕೊಡೆ, ಕುಕ್ಕರ್ ವಿಷಲ್, ಮಿಕ್ಸಿ, ಹಸು, ಹೆಲ್ಮೆಟ್ ಹಾಕಿಕೊಂಡ ಡೆಲಿವರಿ ಹುಡುಗ ಎಲ್ಲವನ್ನೂ ದೂರದಿಂದ ನೋಡಲಿ. ಬೆಲ್ಲ ಬಂದಾಗ ನಮಗೆ ಇದು ಗೊತ್ತಿರಲಿಲ್ಲ. ಇವತ್ತಿಗೂ ಹೆಲ್ಮೆಟ್ ಕಂಡರೆ ಅವಳಿಗೆ ಆಗಲ್ಲ.

ಫೋನಿನಲ್ಲಿ ಏನು ಕೇಳಬೇಕು

ನಮ್ಮಲ್ಲಿ ನಾಯಿಗೆ ಟ್ರೈನಿಂಗ್ ಕೊಡಲು ಸರ್ಕಾರಿ ಲೈಸೆನ್ಸ್ ಏನೂ ಬೇಕಿಲ್ಲ. ನಾಳೆ ಬೆಳಿಗ್ಗೆ ನಾನೂ ಬೋರ್ಡ್ ಹಾಕಿಕೊಂಡು ಕೂರಬಹುದು. ಕೆಲವರು ಸಿಪಿಡಿಟಿ-ಕೆಎಯಂಥ ವಿದೇಶಿ ಸರ್ಟಿಫಿಕೇಟ್ ತೋರಿಸುತ್ತಾರೆ, ಅದು ಪರೀಕ್ಷೆ ಬರೆದು ಪಡೆಯುವಂಥದ್ದು. ಇದ್ದರೆ ಒಳ್ಳೆಯದು. ಇಲ್ಲದೆಯೂ ಚೆನ್ನಾಗಿ ಕಲಿಸುವವರು ಇದ್ದಾರೆ.

ಇನ್ನು ಕೆಲವರು ಸೈನ್ಯದಲ್ಲೋ ಪೊಲೀಸ್ ಶ್ವಾನದಳದಲ್ಲೋ ಇದ್ದು ಬಂದವರು. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನವರ ಶ್ವಾನ ತರಬೇತಿ ಶಾಲೆಯೇ ಇದೆ. ಅಂಥ ಕಡೆ ಪಳಗಿದ ಕೈಗೆ ನಾಯಿಯ ಮೈಭಾಷೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಅಲ್ಲಿನ ನಾಯಿಗೆ ಒಬ್ಬಿಬ್ಬರು ಹ್ಯಾಂಡ್ಲರ್, ಒಂದೇ ಕೆಲಸ, ತಿಂಗಳುಗಟ್ಟಲೆ ದಿನವಿಡೀ ಅಭ್ಯಾಸ. ನಮ್ಮ ಮನೆಯ ನಾಯಿಗೆ ಐದು ಜನ ಯಜಮಾನರು, ಕೆಲಸ ಏನೂ ಇಲ್ಲ, ಅಭ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ. ಹಾಗಾಗಿ ‘ಎಷ್ಟು ವರ್ಷ ಸರ್ವೀಸ್’ ಅನ್ನುವುದಕ್ಕಿಂತ ‘ಮನೆ ನಾಯಿಗಳಿಗೆ ಎಷ್ಟು ದಿನದಿಂದ ಕಲಿಸುತ್ತಿದ್ದೀರಿ’ ಅಂತ ಕೇಳಿ.

ಅದರ ಜೊತೆ ಮೂರು ಪ್ರಶ್ನೆ. ನಾಯಿ ಸರಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಸೆಷನ್ ನಡೆಯುವಾಗ ನಾವು ಜೊತೆಗೆ ಇರಬಹುದಾ?

ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ. ‘ನಾಯಿಗೆ ಬಾಸ್ ಯಾರು ಅಂತ ತೋರಿಸಬೇಕು ಸಾರ್, ನೀವೇ ಆಲ್ಫಾ ಆಗಬೇಕು’ ಅಂದರೆ ನಮಸ್ಕಾರ ಹೇಳಿ ಫೋನ್ ಇಡಿ. ಈ ಆಲ್ಫಾ ಕಥೆ ಹಬ್ಬಿದ್ದಕ್ಕೆ ಒಂದು ಮೂಲವಿದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದ ವಿವರ ಅದು. ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಕಿತ್ತಾಡಿದ್ದವು. ಆಮೇಲೆ ಡೇವಿಡ್ ಮೀಚ್ ಎಂಬ ತೋಳ ತಜ್ಞ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳ ಹಿಂದೆ ಸುತ್ತಿ, ಅಲ್ಲಿ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು ಅಷ್ಟೇ ಅಂತ 1999ರಲ್ಲಿ ಬರೆದ. ಅದಕ್ಕೂ ಮುಂಚೆ ಆಲ್ಫಾ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಅವನೂ ಒಬ್ಬ. ತನ್ನ ಮಾತನ್ನು ತಾನೇ ತಿದ್ದಿಕೊಂಡ. ನಮ್ಮ ಕಡೆಯ ಟ್ರೈನರ್‌ಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

‘ಹದಿನೈದೇ ದಿನ, ನೂರಕ್ಕೆ ನೂರು ಗ್ಯಾರಂಟಿ’ ಅನ್ನುವವರಿಂದಲೂ ದೂರ ಇರಿ. ಇಷ್ಟಕ್ಕೂ ಮಿಕ್ಸಿಗೆ ಗ್ಯಾರಂಟಿ ಕೊಡಬಹುದು, ಜೀವ ಇರುವುದಕ್ಕೆ ಹೇಗೆ ಕೊಡುತ್ತಾರೆ?

ನಾಯಿಯನ್ನು ಅವರ ಜಾಗದಲ್ಲಿ ಒಂದು ತಿಂಗಳು ಬಿಟ್ಟು ಬರುವ ಪದ್ಧತಿಯೂ ಇದೆ. ಕೇಳಲು ಸಲೀಸು. ನಾಯಿ ಅಲ್ಲಿ ಕಲಿಯುತ್ತದೆ ಕೂಡ. ಆದರೆ ಕಲಿತದ್ದು ಆ ಅಂಗಳದಲ್ಲಿ, ಆ ಮನುಷ್ಯನ ಜೊತೆ. ಮನೆಗೆ ಬಂದ ಮೇಲೆ ಸೋಫಾ ಅದೇ, ಗೇಟು ಅದೇ, ನೀವೂ ಅದೇ. ಅಲ್ಲಿ ಏನು ಮಾಡಿ ಕಲಿಸಿದರು ಅಂತ ನೋಡಿದವರೂ ಇರುವುದಿಲ್ಲ. ನಾನಂತೂ ಬಿಡಲ್ಲ. ಬಿಡಲೇಬೇಕಾದರೆ ಮುಂಚೆ ಹೇಳದೆ ಹೋಗಿ ನೋಡಲು ಒಪ್ಪುತ್ತಾರಾ ಅಂತ ಕೇಳಿಕೊಳ್ಳಿ.

ಮೊದಲ ಭೇಟಿ: ನಾಯಿಯನ್ನು ಮುಟ್ಟದೆ ಹೋದರೂ ಗಾಬರಿಯಾಗಬೇಡಿ

ನಮ್ಮ ಎರಡನೇ ಟ್ರೈನರ್ ಒಬ್ಬರು ಹೆಂಗಸು. ಬಂದವರು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಬೆಲ್ಲಳ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಗಂಟೆ ನಮ್ಮನ್ನೇ ಪ್ರಶ್ನೆ ಕೇಳಿದರು. ಎಲ್ಲಿ ಮಲಗುತ್ತಾಳೆ, ಏನು ತಿನ್ನುತ್ತಾಳೆ, ಯಾರು ವಾಕಿಂಗ್ ಕರೆದುಕೊಂಡು ಹೋಗುತ್ತೀರಿ, ದಿನಕ್ಕೆ ಎಷ್ಟು ಗಂಟೆ ಒಬ್ಬಳೇ ಇರುತ್ತಾಳೆ, ಯಾರಿಗಾದರೂ ಹಲ್ಲು ತಾಗಿಸಿದ್ದಾಳಾ. ಇದಕ್ಕೆ 1,000 ರೂಪಾಯಿಯಾ ಅಂತ ನನ್ನ ಮನಸ್ಸಿನಲ್ಲಿ ಲೆಕ್ಕ ಓಡುತ್ತಿತ್ತು.

ಅಷ್ಟರಲ್ಲಿ ಬೆಲ್ಲ ತಾನಾಗಿಯೇ ಬಂದು ಅವರ ಚೀಲ ಮೂಸಿದಳು. ಆಗ ಒಂದು ಚೂರು ಬೇಯಿಸಿದ ಚಿಕನ್ ಲಿವರ್ ನೆಲದ ಮೇಲಿಟ್ಟರು. ಅವತ್ತಿನ ಟ್ರೈನಿಂಗ್ ಅಷ್ಟೇ.

ಬೆಲ್ಲ ಹಾಗೆ ತಾನಾಗಿ ಬಂದದ್ದು ನಮಗೆ ದೊಡ್ಡ ವಿಷಯವಾಗಿತ್ತು. ಮೊದಲ ಟ್ರೈನರ್ ಚೋಕ್ ಚೈನ್ ಬಳಸುತ್ತಿದ್ದರು. ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ ಅದು. ಎರಡನೇ ವಾರದಿಂದ ಬೆಳಿಗ್ಗೆ ಆರೂವರೆಗೆ ಗೇಟಿನ ಚಿಲಕದ ಸದ್ದಾದರೆ ಬೆಲ್ಲ ದಿವಾನದ ಕೆಳಗೆ ಸೇರಿಕೊಳ್ಳುತ್ತಿದ್ದಳು. ‘ಸೋಮಾರಿ, ಸ್ಕೂಲಿಗೆ ಹೋಗಕ್ಕೆ ಅಳೋ ಮಗು ತರ’ ಅಂತ ನಾವು ನಕ್ಕಿದ್ದೆವು. ರಷ್ಯಾದ ಪಾವ್ಲೋವ್‌ನ ನಾಯಿಗಳು ಊಟದ ಸೂಚನೆಯ ಸದ್ದಿಗೇ ಜೊಲ್ಲು ಸುರಿಸಿದ ಪಾಠ ಸ್ಕೂಲಿನಲ್ಲಿ ಓದಿರುತ್ತೇವೆ, ಅಲ್ವಾ? ಅದೇ ಪಾಠ ತಿರುಗಾಮುರುಗಾ ಆಗಿ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ಗೇಟಿನ ಸದ್ದು ಅಂದರೆ ಕುತ್ತಿಗೆಗೆ ನೋವು. ಪಾಪ, ಅವಳು ಸರಿಯಾಗಿಯೇ ಕಲಿತಿದ್ದಳು.

ಹಾಗಾಗಿ ಸೆಷನ್ ನಡೆಯುವಾಗ ಟ್ರೈನರ್ ಕಡೆ ನೋಡುವುದು ಬಿಟ್ಟು ನಾಯಿ ಕಡೆ ನೋಡಿ. ಬಾಲ ಕಾಲುಗಳ ಸಂದಿಗೆ ಹೋಗಿದೆಯಾ? ಪದೇಪದೇ ತುಟಿ ನೆಕ್ಕಿಕೊಳ್ಳುತ್ತಿದೆಯಾ, ನಿದ್ದೆ ಬರದಿದ್ದರೂ ಆಕಳಿಸುತ್ತಿದೆಯಾ, ಕಣ್ಣಿನ ಬಿಳಿ ಭಾಗ ಕಾಣುತ್ತಿದೆಯಾ? ಇಷ್ಟದ ತಿಂಡಿಯನ್ನೂ ಬೇಡ ಅನ್ನುತ್ತಿದೆಯಾ? ಹಾಗಿದ್ದರೆ ‘ಇವತ್ತಿಗೆ ಸಾಕು’ ಅನ್ನಿ. ಸಂಕೋಚ ಬೇಡ, ನಾಯಿ ನಿಮ್ಮದು. ಚೋಕ್ ಚೈನ್, ಮುಳ್ಳಿನ ಬೆಲ್ಟ್, ಶಾಕ್ ಕೊಡುವ ಬೆಲ್ಟ್ ಮನೆಯೊಳಗೆ ಬರಬಾರದು ಅಂತ ಮೊದಲ ದಿನವೇ ಹೇಳಿಬಿಡಿ. ದಂಡಂ ದಶಗುಣಂ ಅನ್ನುವವರು ಇದ್ದೇ ಇರುತ್ತಾರೆ. ಏಟು ತಿಂದ ನಾಯಿ ಗುರ್ ಅನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯಬಹುದು ಅನ್ನುವುದನ್ನು ಅವರು ಹೇಳಲ್ಲ. ಹಿಂಸೆ ಅಂದರೆ ಹೊಡೆಯುವುದು ಮಾತ್ರ ಅಲ್ಲ. ಸದಾ ಚೈನಿನಲ್ಲಿ ಕಟ್ಟಿಹಾಕಿ ನಾಯಿಯನ್ನು ಓಡಾಡಿಸದೆ ಇರುವುದು ಕೂಡ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ಮನೆಯವರೆಲ್ಲ ಒಂದೇ ಪದಕ್ಕೆ ಬನ್ನಿ

ಎರಡನೇ ಸೆಷನ್ನಿಗೆ ನಮ್ಮ ಹೊಸ ಟ್ರೈನರ್ ಒಂದು ಹಾಳೆ, ಪೆನ್ನು ಕೇಳಿದರು. ನಾಯಿ ಕೂರಬೇಕಾದರೆ ಯಾರ್ಯಾರು ಏನೇನು ಅನ್ನುತ್ತೀರಿ ಅಂತ ಬರೆಸಿದರು. ಅಮ್ಮ ‘ಕೂತ್ಕೋ’, ನಾನು ‘ಸಿಟ್’, ಮಗ ‘ಸಿಟ್ ಸಿಟ್ ಸಿಟ್’. ಮೊದಲ ಟ್ರೈನರ್ ‘ಬೈಠ್’ ಅನ್ನುತ್ತಿದ್ದರು. ನನ್ನ ಗಂಡ ಏನೂ ಅನ್ನುತ್ತಿರಲಿಲ್ಲ, ಸೊಂಟದ ಮೇಲೆ ಕೈಯಿಂದ ಒತ್ತುತ್ತಿದ್ದರು. ಬರೆದು ನೋಡಿದಾಗ ನಮಗೇ ನಾಚಿಕೆಯಾಯಿತು.

ಆಮೇಲೆ ಇನ್ನೊಂದು ವಿಷಯ ತೋರಿಸಿದರು. ಹತ್ತಿರ ಕರೆಯಲು ‘ಬಾ’, ತಡೆಯಲು ‘ಬೇಡ’, ಬಾಯಲ್ಲಿರುವ ಚಪ್ಪಲಿ ಬಿಡಿಸಲು ‘ಬಿಡು’. ಮೂರೂ ಬ-ದಿಂದಲೇ ಶುರು. ಮೂರನ್ನೂ ಒಂದೇ ಕೂಗಿನಲ್ಲಿ ಹೇಳುತ್ತಿದ್ದೆವು. ನಾಯಿಗೆ ಕೇಳುವುದು ಕೂಗು ಮಾತ್ರ. ‘ಬಾ’ ಉಳಿಸಿಕೊಂಡೆವು, ಚಪ್ಪಲಿಗೆ ‘ಕೊಡು’ ಮಾಡಿದೆವು, ‘ಬೇಡ’ವನ್ನು ಕೈಬಿಟ್ಟೆವು. ಬೇಡ ಅಂದರೆ ಏನು ಮಾಡಬಾರದು ಅಂತ ಗೊತ್ತಾದರೂ ಏನು ಮಾಡಬೇಕು ಅಂತ ನಾಯಿಗೆ ಗೊತ್ತಾಗಲ್ಲವಂತೆ. ಕನ್ನಡ ಪದವೋ ಇಂಗ್ಲಿಷ್ ಪದವೋ ನಾಯಿಗೆ ಒಂದೇ. ಮನೆಯಲ್ಲಿ ಜಾಸ್ತಿ ಹೊತ್ತು ಇರುವವರ ಬಾಯಿಗೆ ಯಾವುದು ಸುಲಭವಾಗಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ನಮ್ಮಲ್ಲಿ ಅದು ಅಮ್ಮನ ಕನ್ನಡ. ಆ ಹಾಳೆಯನ್ನು ಫ್ರಿಜ್ ಮೇಲೆ ಅಂಟಿಸಿದೆವು, ಮನೆ ಕೆಲಸಕ್ಕೆ ಬರುವವರಿಗೂ ಓದಿ ಹೇಳಿದೆವು.

ತಿಂಡಿಯ ಹೊತ್ತಿಗೆ ಬೆಲ್ಲ ಬೊಗಳಿದರೆ ಅಮ್ಮ ಟೇಬಲ್‌ನಿಂದಲೇ ದೋಸೆಯ ಚೂರು ಹಾಕುತ್ತಿದ್ದರು. ಆ ವಿಷಯ ಬಂದಾಗ ಅಮ್ಮನ ಮುಖ ಮೊದಲೇ ಬಾಡಿತ್ತು, ಬೈಸಿಕೊಳ್ಳಬೇಕಲ್ಲ ಅಂತ. ಆದರೆ ಟ್ರೈನರ್ ಹೇಳಿದ್ದು ಇಷ್ಟೇ: ‘ಅಮ್ಮಾ, ದೋಸೆ ಕೊಡೋದನ್ನ ನಿಲ್ಲಿಸಬೇಡಿ. ಕೊಡೋ ಜಾಗ ಬದಲಾಯಿಸಿ.’ ಅಡುಗೆಮನೆ ಬಾಗಿಲ ಪಕ್ಕ ಒಂದು ಗೋಣಿಚೀಲ ಹಾಸಿದೆವು. ಟೇಬಲ್ ಹತ್ತಿರ ಬೊಗಳಿದರೆ ದೋಸೆ ಇಲ್ಲ, ಗೋಣಿಚೀಲದ ಮೇಲೆ ಸುಮ್ಮನೆ ಕೂತರೆ ಒಂದು ಚೂರು ಅಲ್ಲಿಗೇ ಬರುತ್ತದೆ. ಸಾದಾ ದೋಸೆ ಮಾತ್ರ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಕೆಲವು ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಅಂತೂ ಇನ್ನೂ ಅಪಾಯ.

ಟ್ರೀಟ್ ವಿಷಯ ಬಂದಾಗ ‘ಲಂಚ ಕೊಟ್ಟು ಕಲಿಸೋದಾ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲಸಕ್ಕೆ ಮುಂಚೆ ಕೊಟ್ಟರೆ ಲಂಚ, ಕೆಲಸ ಆದ ಮೇಲೆ ಕೊಟ್ಟರೆ ಸಂಬಳ. ಒಂದು ಚೂರು ಕಡಲೆಕಾಳಿನಷ್ಟಿದ್ದರೆ ಸಾಕು. ಮಾಂಸ ತರದ ಮನೆಯವರು ಪನೀರ್, ಬೇಯಿಸಿದ ಗೆಣಸು, ಕ್ಯಾರೆಟ್ ಬಳಸಬಹುದು. ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ, ಇಲ್ಲದಿದ್ದರೆ ಕಲಿಯುವುದರ ಜೊತೆ ಬೊಜ್ಜೂ ಬರುತ್ತದೆ.

ವಾರಗಳು ಹೇಗೆ ಸಾಗುತ್ತವೆ

ಮೊದಲ ವಾರ ಮಾಯಾಜಾಲದ ಹಾಗಿರುತ್ತದೆ. ನಂಬಬೇಡಿ. ಎರಡನೇ, ಮೂರನೇ ವಾರದಲ್ಲಿ ತೊಂದರೆ ಮೊದಲಿಗಿಂತ ಜಾಸ್ತಿ ಆಗಬಹುದು. ಇಷ್ಟು ದಿನ ಬೊಗಳಿದರೆ ಸಿಗುತ್ತಿದ್ದ ದೋಸೆ ಈಗ ಸಿಗುತ್ತಿಲ್ಲ, ಹಾಗಾದರೆ ಇನ್ನೂ ಜೋರಾಗಿ ಬೊಗಳೋಣ ಅನ್ನುವುದು ನಾಯಿಯ ಲೆಕ್ಕ. ಕೆಟ್ಟುಹೋದ ಸ್ವಿಚ್ಚನ್ನು ನಾವು ನಾಲ್ಕು ಸಲ ಒತ್ತುವುದಿಲ್ಲವೇ, ಹಾಗೆ. ನಾಲ್ಕನೇ ದಿನ ಅಮ್ಮ ತಡೆಯಲಾರದೆ ಟೇಬಲ್‌ನಿಂದಲೇ ಒಂದು ಚೂರು ಹಾಕಿಬಿಟ್ಟರು. ಹತ್ತು ನಿಮಿಷ ಬೊಗಳಿದರೆ ಸಿಗುತ್ತದೆ ಅಂತ ಬೆಲ್ಲ ಕಲಿತಳು. ಮತ್ತೆ ಒಂದು ವಾರ ಹಿಂದಕ್ಕೆ ಹೋದೆವು. ಟ್ರೈನರ್ ವಾರಕ್ಕೆ ಎರಡು ಗಂಟೆ ಇರುತ್ತಾರೆ, ಉಳಿದ ಹೊತ್ತೆಲ್ಲ ನಾಯಿ ನಿಮ್ಮಿಂದ ಕಲಿಯುತ್ತಿರುತ್ತದೆ.

ಹೋಮ್‌ವರ್ಕ್ ಕೊಡುತ್ತಾರೆ. ಅರ್ಧ ಗಂಟೆ ಒಟ್ಟಿಗೆ ಮಾಡುವುದಕ್ಕಿಂತ ಐದೈದು ನಿಮಿಷ ಮೂರು ಸಲ ಮಾಡಿದರೆ ಒಳ್ಳೆಯದು. ಹಾಲ್‌ನಲ್ಲಿ ಚೆನ್ನಾಗಿ ಕೂರುವ ನಾಯಿ ಪಾರ್ಕಿನಲ್ಲಿ ಕೂರದಿದ್ದರೆ ಅದು ನಾಟಕ ಅಲ್ಲ. ನಾಯಿಗೆ ಪಾಠ ಜಾಗದ ಜೊತೆ ಅಂಟಿಕೊಂಡಿರುತ್ತದೆ. ಹಾಲ್, ಆಮೇಲೆ ಅಂಗಳ, ಆಮೇಲೆ ಖಾಲಿ ರಸ್ತೆ, ಕೊನೆಗೆ ಮಾರ್ಕೆಟ್ ರಸ್ತೆ. ಪ್ರತಿ ಜಾಗದಲ್ಲೂ ಮೊದಲಿನಿಂದ ಕಲಿಸಬೇಕು, ಆದರೆ ಪ್ರತಿ ಸಲವೂ ಸ್ವಲ್ಪ ಬೇಗ ಕಲಿಯುತ್ತದೆ. ಬೇಸಿಗೆಯಲ್ಲಿ ಹೊರಗಿನ ಪಾಠ ಬಿಸಿಲೇರುವ ಮುಂಚೆಯೇ ಮುಗಿಯಲಿ. ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಲು ನಿಮಗೇ ಆಗದಿದ್ದರೆ ನಾಯಿಯ ಪಾದಕ್ಕೂ ಆಗಲ್ಲ.

ಬೀದಿ ನಾಯಿಗಳ ಕಡೆ ಎಳೆಯುವುದಕ್ಕೆ ನಮಗೆ ಕಲಿಸಿದ್ದು ತಿರುಗುವುದನ್ನು. ದೂರದಲ್ಲಿ ಗುಂಪು ಕಂಡ ತಕ್ಷಣ, ಬೆಲ್ಲ ಇನ್ನೂ ಬೊಗಳದೆ ಇರುವಾಗಲೇ, ‘ಬಾ’ ಅಂದು ಹಿಂದಕ್ಕೆ ತಿರುಗಿ ಹೊರಡುವುದು, ಜೊತೆ ಬಂದರೆ ಟ್ರೀಟ್. ತಿರುಗಲು ಅಭ್ಯಾಸವಾದದ್ದು ಅವಳಿಗಿಂತ ನಿಧಾನವಾಗಿ ನನಗೆ. ಲೀಶ್ ಬಿಗಿಹಿಡಿದು ಮುಂದೆಯೇ ನುಗ್ಗುವ ಚಟ ನನ್ನದೇ ಆಗಿತ್ತು.

ಟ್ರೈನಿಂಗ್‌ನಿಂದ ಆಗದ್ದು

ಮುಧೋಳ ನಾಯಿ ಕಣ್ಣಿನಿಂದ ಬೇಟೆ ನೋಡಿ ಓಡುವ ತಳಿ. ಬಾಗಲಕೋಟೆ ಜಿಲ್ಲೆಯಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ, 2005ರಲ್ಲಿ ಅಂಚೆ ಚೀಟಿಯೂ ಬಂತು. ಅಂಥ ನಾಯಿ ಓಡುವ ಬೆಕ್ಕನ್ನು ನೋಡಿಯೂ ಸುಮ್ಮನಿರಬೇಕು ಅಂದರೆ ಯಾವ ಟ್ರೈನರ್‌ಗೂ ಕಷ್ಟ. ಲೀಶ್ ಬಿಚ್ಚದಿರುವುದು ಅಲ್ಲಿ ಟ್ರೈನಿಂಗ್‌ಗಿಂತ ದೊಡ್ಡದು. ನೀವು ಹೊರಗೆ ಹೋದ ತಕ್ಷಣ ಬಾಗಿಲು ಕೆರೆದು ಉಗುರಿನಲ್ಲಿ ರಕ್ತ ಬರಿಸಿಕೊಳ್ಳುವ ನಾಯಿಗೆ ಟ್ರೈನರ್ ಜೊತೆ ಡಾಕ್ಟರೂ ಬೇಕು, ಔಷಧಿಯೂ ಬೇಕಾಗಬಹುದು. ಈಗಾಗಲೇ ಯಾರನ್ನಾದರೂ ಕಚ್ಚಿದ ನಾಯಿಯನ್ನು ‘ಪೂರ್ತಿ ಸರಿಮಾಡಿ ಕೊಡ್ತೀನಿ’ ಅನ್ನುವವರನ್ನು ನಂಬಬೇಡಿ. ಒಳ್ಳೆಯವರು ಮಜಲ್, ಅಂದರೆ ಕಚ್ಚದಂತೆ ಬಾಯಿಗೆ ಹಾಕುವ ಕುಕ್ಕೆ, ಅಭ್ಯಾಸ ಮಾಡಿಸುತ್ತಾರೆ, ಯಾವ ಸಂದರ್ಭ ತಪ್ಪಿಸಬೇಕು ಅಂತ ಹೇಳಿಕೊಡುತ್ತಾರೆ. ನಡುವೆ ಟ್ರೈನರ್‌ಗೋ ಮನೆಯವರಿಗೋ ಹಲ್ಲು ತಾಗಿದರೆ ಹದಿನೈದು ನಿಮಿಷ ಹರಿಯುವ ನೀರು, ಸೋಪಿನಿಂದ ತೊಳೆದು ಆಸ್ಪತ್ರೆಗೆ ಹೋಗಿ. ನಮ್ಮ ನಾಯಿಗೆ ಲಸಿಕೆ ಆಗಿದೆ ಅಂತ ಮನೆಯಲ್ಲೇ ಕೂರಬೇಡಿ.

ಕೊನೆಯ ಸೆಷನ್ ದಿನ

ಮೊದಲ ದಿನದ ಚೀಟಿ ತೆಗೆಯಿರಿ. ಟ್ರೈನರ್ ಒಂದು ಮೂಲೆಯಲ್ಲಿ ಸುಮ್ಮನೆ ಕೂರಲಿ, ಮನೆಯ ಪ್ರತಿಯೊಬ್ಬರೂ ಒಂದೊಂದಾಗಿ ಮಾಡಿ ತೋರಿಸಿ. ಯಾರ ಮಾತು ನಾಯಿ ಕೇಳುತ್ತಿಲ್ಲವೋ ಉಳಿದ ಹೊತ್ತು ಅವರಿಗೆ ಮೀಸಲು. ನಮ್ಮಲ್ಲಿ ಅದು ಗಂಡ. ಅಮ್ಮ ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ಬೆಲ್ ಆದಾಗ ‘ಚೀಲ’ ಅಂದರು, ಬೆಲ್ಲ ಗೋಣಿಚೀಲದ ಮೇಲೆ ಹೋಗಿ ಕೂತಳು. ಕೂತಲ್ಲೇ ಬೊಗಳಿದಳು, ಆದರೆ ಹಾರಲಿಲ್ಲ. ಮೂರರಲ್ಲಿ ಎರಡೂವರೆ ಸರಿಹೋಗಿತ್ತು ಅನ್ನಬಹುದು.

ಒಂದು ತಿಂಗಳ ನಂತರ ಒಮ್ಮೆ ಬಂದು ನೋಡುವ ಸೆಷನ್ ಇದೆಯಾ ಅಂತ ಅವತ್ತೇ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಒಂದು, ಒಂದೂವರೆ ವರ್ಷದವರೆಗೆ ನಾಯಿಗೂ ಹರೆಯದ ಹುಡುಗಾಟ ಇರುತ್ತದೆ, ಕಲಿತದ್ದು ಮರೆತ ಹಾಗೆ ಆಡುತ್ತದೆ. ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ಸದ್ದಿಗೆ ಅಭ್ಯಾಸ ಮಾಡಿಸುವುದನ್ನೂ ಕೇಳಿಟ್ಟುಕೊಳ್ಳಿ. ಒಂದೆರಡು ತಿಂಗಳು ಮುಂಚೆಯೇ ಮೊಬೈಲ್‌ನಲ್ಲಿ ತೀರಾ ಸಣ್ಣ ದನಿಯಲ್ಲಿ ಶುರುಮಾಡಬೇಕು. ಹಬ್ಬದ ಹಿಂದಿನ ದಿನ ಫೋನ್ ಮಾಡಿದರೆ ಅವರೂ ಏನೂ ಮಾಡಲಾರರು.